ಹಿಂದಿನ ಮಂಚದ ಮೇಲೆ ಹನ್ನೆರಡು ಪೆಟ್ಟಿಗೆ

ಜೂನ್ 2, ಸೋಮವಾರ — ಬೆಳಿಗ್ಗೆ 6.10

ಮತ್ತೆ ಗಾಳಿ. ಹಾರ್ಮನ್ ಆಗಲೇ ಅಂಗಳದಲ್ಲಿದ್ದಾನೆ. ಮಲಗಲು ಮಂಚ, ಒಲೆ ಎಲ್ಲ ಇರುವ ಈ ಹಳೆಯ ಟ್ರೇಲರ್ ಈ ವಸಂತದಲ್ಲಿ ಕೊಂಡದ್ದು; ಅದರ ನಾಲ್ಕೂ ಚಕ್ರ ಬಿಚ್ಚಿ ಹಾಕಿದ್ದಾನೆ. ಹೊಸ ಟೈರು. ಹಳೆಯವು ನೋಡಲು ಚೆನ್ನಾಗಿಯೇ ಇದ್ದವು, ಹಾಗೆಂದೆ.

"ನೋಡೋಕೆ ಚೆನ್ನಾಗಿದ್ರೆ ಸಾಕಾ? ಏಳು ವರ್ಷದ ರಬ್ಬರು ಕಣೇ. ಒಳಗೊಳಗೇ ಸತ್ತಿರುತ್ತೆ."

ಕೊಂಡಿಗೆ ಗ್ರೀಸು ಆಯಿತು. ಕೊಂಡಿ ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಹಿಡಿಯುವ ಎರಡು ಸರಪಳಿ — ಹೊಸವು. ಗ್ಯಾಸಿನ ಪೈಪಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ಅಂತ ನೋಡಿದ್ದು ಇದು ಮೂರನೇ ಸಲ. ಕರಡಿ ಓಡಿಸುವ ಸ್ಪ್ರೇ ಡಬ್ಬಿಯ ತಾರೀಖು ನೋಡಿ ಎಸೆದು ಬೇರೆ ತಂದಿದ್ದಾನೆ. ಪಟ್ಟಿ ನಾಲ್ಕು ಹಾಳೆ ಆಗಿದೆ. ಹೋದ ವರ್ಷದವರೆಗೆ ಅದೆಲ್ಲ ಅವನ ತಲೆಯಲ್ಲೇ ಇರುತ್ತಿತ್ತು.

ಜುಲೈ 7ಕ್ಕೆ ಹೊರಡುವುದು. ಬೆಟ್ಟ ದಾಟಿ ಹಣ್ಣಿನ ತೋಟಗಳ ಊರು ಕ್ರೆಸ್ಟನ್‌ಗೆ, ಹೋದ ವರ್ಷದ ಅದೇ ಕ್ಯಾಂಪು, ಅದೇ ರಸ್ತೆ. ಐದು ವಾರ ಇದೆ.

ಜೂನ್ 4, ಬುಧವಾರ

ಮಗ ಬಂದಿದ್ದ. ಗೆರಿಟ್‌ನ ಡೇರಿ ಇಲ್ಲಿಂದ ಮೂವತ್ತು ಕಿಲೋಮೀಟರ್. ಸರಿಯಾಗಿ ಹತ್ತು ಗಂಟೆಯ ಕಾಫಿಗೆ ಬಂದು ಟೋಪಿ ತೆಗೆಯದೆ ಕೂತ. ಟೋಪಿ ತೆಗೆಯದೆ ಕೂತರೆ ಜಗಳಕ್ಕೆ ಬಂದಿದ್ದಾನೆ ಅಂತ ಅರ್ಥ. ವಿಷಯ ಅವನ ಮಗಳು ಮರೈಕೆ.

"ಮರೈಕೆಯನ್ನ ಕಳಿಸ್ತೀನಿ ಅಪ್ಪ. ನಾನೂ ಬರ್ತೀನಿ. ಆದ್ರೆ ಗಾಡಿ ನಾನೇ ಓಡಿಸೋದು. ಟ್ರೇಲರ್ ಎಳ್ಕೊಂಡು ನೀವು ಓಡಿಸೋ ಹಾಗಿದ್ರೆ ನಾವಿಬ್ರೂ ಬರಲ್ಲ."

ಹಾರ್ಮನ್ ಕಾಫಿ ಕಲಕುತ್ತಾ ಕೂತಿದ್ದ. ಅವನು ಸಕ್ಕರೆ ಹಾಕುವವನಲ್ಲ.

"ಆಯ್ತು" ಅಂದ.

ನಲವತ್ತು ವರ್ಷ ಗೋಧಿ ಲಾರಿ ಓಡಿಸಿದವನು. ತನ್ನ ಸ್ಟೀರಿಂಗ್ ಯಾರಿಗೂ ಮುಟ್ಟಗೊಟ್ಟವನಲ್ಲ. ಗೆರಿಟ್ ಏನೇನೋ ವಾದ ಸಿದ್ಧ ಮಾಡಿಕೊಂಡು ಬಂದಿದ್ದವನು ಪೆಚ್ಚಾದ. ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ: "ಅಮ್ಮ, ಅಪ್ಪಂಗೆ ಹುಷಾರಿಲ್ವಾ?"

"ಚೆನ್ನಾಗೇ ಇದ್ದಾರೆ."

"ಬಯ್ಯಲೇ ಇಲ್ಲ ನನ್ನ."

ಜುಲೈ 9ಕ್ಕೆ ಹಾರ್ಮನ್‌ಗೆ ಎಪ್ಪತ್ತೈದು. ಎಪ್ಪತ್ತೈದಾದರೆ ಡಾಕ್ಟರು ಸಹಿ ಮಾಡಿದ ಫಾರಂ ಕೊಡಬೇಕು, ಇಲ್ಲದಿದ್ದರೆ ಲೈಸೆನ್ಸ್ ಇಲ್ಲ. ಫಾರಂ ಬಂದಿದೆ. ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ ಒತ್ತಿ ಅಂಟಿಸಿದ್ದಾನೆ. ಹಾಲು ತೆಗೆಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ.

ಯಾಕೆ ಹೋಗಲೇಬೇಕು ಅಂತ ಕೇಳಿದೆ. "ಮಗು ಒಂದ್ಸಲ ಅದೇ ರಸ್ತೇಲಿ ಹೋಗಿ ಸುಖವಾಗಿ ಬರ್ಬೇಕು ಕಣೇ. ಇಲ್ದಿದ್ರೆ ಆ ಭಯ ಜನ್ಮಪೂರ್ತಿ ಬಿಡಲ್ಲ." ಸರಿಯಾದ ಮಾತು. ಭಯ ಮಗುವಿಗೆ ಮಾತ್ರವೇ ಅಂತ ನಾನು ಕೇಳಲಿಲ್ಲ.

ಜೂನ್ 8, ಭಾನುವಾರ — ಮಧ್ಯಾಹ್ನ

ಇಗರ್ಜಿಯಿಂದ ಬಂದದ್ದಾಯಿತು. ಸಂಜೆಯ ಪ್ರಾರ್ಥನೆಗೆ ಇನ್ನೂ ಹೊತ್ತಿದೆ. ಹಾರ್ಮನ್ ಮಲಗಿದ್ದಾನೆ.

ಹೋದ ವರ್ಷದ ಡೈರಿ ತೆಗೆದೆ. ಇದೂ ಅದೂ ಬೀಜದಂಗಡಿಯವರು ಪುಕ್ಕಟೆ ಕೊಟ್ಟವು. ಆಗಸ್ಟ್ 24ರ ಪುಟ ಖಾಲಿ. ಅಲ್ಲಿಂದ ಮೂರು ವಾರ ಖಾಲಿ. ಇಲ್ಲಿ ಬರೆದುಬಿಡುತ್ತೇನೆ. ಯಾರೂ ಓದುವುದಿಲ್ಲ. ಹಾರ್ಮನ್ ನನ್ನ ಡೈರಿ ಮುಟ್ಟುವವನಲ್ಲ.

ಅವತ್ತು ಶನಿವಾರ. ಕ್ಯಾಂಪಿನಿಂದ ವಾಪಸು ಹೊರಡುವ ದಿನ. ಹಿಂದಿನ ಸಂಜೆ ಹನ್ನೆರಡು ಪೆಟ್ಟಿಗೆ ಪೀಚ್ ಹಣ್ಣು ಕೊಂಡಿದ್ದೆ, ಬೇಯಿಸಿ ಚಳಿಗಾಲಕ್ಕೆ ಜಾಡಿಗೆ ತುಂಬಲು. ಹಾರ್ಮನ್ ಅವನ್ನು ಪಿಕಪ್ಪಿನ ಹಿಂಭಾಗದಲ್ಲಿ ಜೋಡಿಸಿ, ಟಾರ್ಪಾಲು ಕಟ್ಟಿ, ಟ್ರೇಲರಿನ ಭಾರ ಅಳೆದು ಎಲ್ಲ ಸರಿ ಅಂದಿದ್ದ. ಬೆಳಿಗ್ಗೆ ಅವನು ಸ್ನಾನಕ್ಕೆ ಹೋದ, ಮರೈಕೆ ಕೆರೆಯ ಹತ್ತಿರ ಇದ್ದಳು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮಾರನೆಯ ದಿನ ಭಾನುವಾರ. ಭಾನುವಾರ ದೇವರ ದಿನ, ಜಾಡಿ ಒಲೆಗೇರಿಸುವ ಹಾಗಿಲ್ಲ. ನಮ್ಮಮ್ಮ ಏರಿಸಿದವಳಲ್ಲ, ಅತ್ತೆ ಏರಿಸಿದವರಲ್ಲ, ನಾನೂ ಅಲ್ಲ. ಅಂದರೆ ಹಣ್ಣು ಸೋಮವಾರದವರೆಗೆ ತಡೆಯಬೇಕು. ಟಾರ್ಪಾಲಿನ ಕೆಳಗೆ ಇಡೀ ದಿನ ಬೆಂದರೆ ಅರ್ಧಕ್ಕರ್ಧ ಕೊಳೆಯುತ್ತದೆ. ಟ್ರೇಲರಿನ ಒಳಗೆ ತಂಪು. ತೀರಾ ಹಿಂದುಗಡೆ ಮರೈಕೆ ಮಲಗುವ ಮಂಚ ಖಾಲಿ ಇತ್ತು. ಒಂದೊಂದಾಗಿ ಹನ್ನೆರಡನ್ನೂ ಹೊತ್ತು ಅಲ್ಲಿಟ್ಟೆ. ಟಾರ್ಪಾಲು ಮೊದಲಿನ ಹಾಗೆಯೇ ಎಳೆದು ಕಟ್ಟಿದೆ. ಹೇಳೋಣ ಅಂದುಕೊಂಡೆ. ಹಾರ್ಮನ್ ಬಂದವನೇ ತಡವಾಯಿತು ಅಂತ ಅವಸರ ಮಾಡಿದ. ಹೊರಟೆವು. ಮರೆತೆ.

ಬೆಟ್ಟ ಇಳಿದು ಪಿಂಚರ್ ಕ್ರೀಕ್ ಬಯಲಿಗೆ ಬಂದಾಗ ಗಾಳಿ ಹೊಡೆಯಿತು. ಟ್ರೇಲರಿನ ಹಿಂಬದಿ ಒಂದು ಸಲ ಆಡಿತು. ಮತ್ತೊಂದು ಸಲ, ಇನ್ನೂ ಅಗಲಕ್ಕೆ. "ಗಟ್ಟಿಯಾಗಿ ಹಿಡ್ಕೊಳ್ಳಿ" ಅಂದ ಹಾರ್ಮನ್. ಕೂಗಲಿಲ್ಲ, ಹೇಳಿದ ಅಷ್ಟೇ. ಮೂರನೇ ಸಲ ಅದು ನಮ್ಮನ್ನೂ ಎಳೆದುಕೊಂಡು ರಸ್ತೆ ಪಕ್ಕದ ಹಳ್ಳಕ್ಕೆ ಹೋಯಿತು.

ಮರೈಕೆಯ ಹಣೆಯಲ್ಲಿ ರಕ್ತ. ಏಳು ಹೊಲಿಗೆ. ಹಾರ್ಮನ್‌ನ ಭುಜದ ಮೂಳೆ ಮುರಿದಿತ್ತು, ಅವನಿಗೆ ಎಚ್ಚರವಿರಲಿಲ್ಲ. ಟ್ರೇಲರ್ ಸೀಳಿಹೋಗಿತ್ತು. ಹಳ್ಳದ ತುಂಬ ಪೀಚ್. ಎಲ್ಲಿಂದ ಬಿದ್ದವು ಅಂತ ಯಾರು ಕೇಳುತ್ತಾರೆ? ಪೊಲೀಸಿನ ಹುಡುಗ "ಇಲ್ಲಿ ಗಾಳಿಗೆ ಇಂಥವು ಬೀಳ್ತಾನೇ ಇರ್ತವೆ ಕಣಮ್ಮ" ಅಂದ, ಬರೆದುಕೊಂಡ. ನಾನು ತಲೆಯಾಡಿಸಿದೆ.

ಮಾಡಿದ್ದು ಅಷ್ಟೇ. ತಲೆಯಾಡಿಸಿದ್ದು. ಹತ್ತು ತಿಂಗಳಿಂದ ಅದನ್ನೇ ಮಾಡುತ್ತಿದ್ದೇನೆ.

ಪೀಚಿನಿಂದಲೇ ಆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಗಾಳಿ ಜೋರಾಗಿಯೇ ಇತ್ತು. ನಿಜವಾಗಿಯೂ ಇತ್ತು...

ಜೂನ್ 11, ಬುಧವಾರ

ಔಷಧಿ ತರಲು ಊರಿಗೆ ಹೋಗಬೇಕಿತ್ತು. ಹಾರ್ಮನ್ ಕೀ ತಂದು ನನ್ನ ಕೈಗೆ ಹಾಕಿದ. ಹೀಗೇ ನಡೆದಿದೆ ಭುಜದ ಕಟ್ಟು ಬಿಚ್ಚಿದಾಗಿನಿಂದ. ಮೊದಮೊದಲು ಭುಜ ನೋಯುತ್ತೆ ಅನ್ನುತ್ತಿದ್ದ. ಈಗ ಕಾರಣ ಹೇಳುವುದನ್ನೂ ಬಿಟ್ಟಿದ್ದಾನೆ.

ಸಂಜೆ ಬಟ್ಟೆ ಒಣಹಾಕುವಾಗ ನೋಡಿದೆ. ನಿಂತ ಪಿಕಪ್ಪಿನಲ್ಲಿ ಕೂತಿದ್ದ, ಎರಡೂ ಕೈ ಸ್ಟೀರಿಂಗ್ ಮೇಲೆ. ಎಂಜಿನ್ ಹಾಕಿರಲಿಲ್ಲ. ಕೈಗಳನ್ನೇ ನೋಡುತ್ತಿದ್ದ. ನಾನು ಹಗ್ಗದ ಮೇಲಿನ ಚಾದರದ ಹಿಂದೆ ನಿಂತುಬಿಟ್ಟೆ.

ಜೂನ್ 14, ಶನಿವಾರ

ಗೊತ್ತಾಯಿತು.

ಗೆರಿಟ್ ಬಂದಿದ್ದ, ಭಾರ ಹೇಗೆ ತುಂಬಬೇಕು ಅಂತ ಕಲಿಯಲು. ಹಾರ್ಮನ್‌ಗೆ ಕಲಿಸುವುದು ಅಂದರೆ ಇಷ್ಟ, ಬಹಳ ದಿನದ ಮೇಲೆ ಮುಖದಲ್ಲಿ ಕಳೆ ಇತ್ತು. ನಮ್ಮ ಬಚ್ಚಲಮನೆಯ ತೂಕದ ಮೆಷಿನ್ ಅಂಗಳಕ್ಕೆ ತಂದ. ಟ್ರೇಲರಿನ ಮೂತಿಯ, ಅಂದರೆ ಪಿಕಪ್ಪಿಗೆ ಸಿಕ್ಕಿಸುವ ತುದಿಯ, ಕೆಳಗೆ ಹಲಗೆ ಇಟ್ಟು, ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ಮೆಷಿನ್ ಮೇಲೆ. ಮೂತಿ ಇಟ್ಟಿಗೆಯ ಕಡೆಗೇ ಇರುವುದರಿಂದ ಮೆಷಿನ್ ತೋರಿಸಿದ್ದನ್ನು ಮೂರರಿಂದ ಗುಣಿಸಬೇಕು. ನನಗೆ ಪೆನ್ಸಿಲ್ ಕೊಟ್ಟು ಬರಿ ಅಂದ. ಬರೆದೆ. ತೊಂಬತ್ತಾರು. ಅಂದರೆ ಇನ್ನೂರ ಎಂಬತ್ತೆಂಟು ಕಿಲೋ.

"ಮೂತಿ ಮೇಲೆ ಇಷ್ಟು ಭಾರ ಕೂತಿದ್ರೆ ಅದು ನೆಟ್ಟಗೆ ಹಿಂದೆ ಬರುತ್ತೆ. ಈಗ ನೋಡು" ಅಂದ. ಇಪ್ಪತ್ತು ಲೀಟರಿನ ನಾಲ್ಕು ನೀರಿನ ಕ್ಯಾನು ಗೆರಿಟ್ ಕೈಯಲ್ಲಿ ಹೊರಿಸಿ ಹಿಂದಿನ ಮಂಚದ ಮೇಲೆ ಇಡಿಸಿದ. "ಅಲೀದಾ, ಎಷ್ಟು?"

ಎಪ್ಪತ್ತೆಂಟು.

"ನೋಡಿದ್ಯಾ? ನಾಲ್ಕು ಕ್ಯಾನಿಗೆ ಐವತ್ನಾಲ್ಕು ಕಿಲೋ ಹೋಯ್ತು. ಹಿಂದೆ ಭಾರ ಬಿದ್ರೆ ಮೂತಿ ಎದ್ದೇಳುತ್ತೆ. ಇಳಿಜಾರಲ್ಲಿ ಒಂದು ಗಾಳಿ ಹೊಡೆದ್ರೆ ಸಾಕು. ಆಮೇಲೆ ಯಾವ ಅಪ್ಪ ಬಂದ್ರೂ ನಿಲ್ಸೋಕಾಗಲ್ಲ."

ನಾಲ್ಕು ಕ್ಯಾನು ಎಂಬತ್ತು ಕಿಲೋ. ಪೀಚಿನ ಪೆಟ್ಟಿಗೆ ಒಂದೊಂದು ಒಂಬತ್ತು. ಹನ್ನೆರಡು. ನೂರೆಂಟು. ಪೆನ್ಸಿಲ್ ಕೈಯಲ್ಲೇ ಇತ್ತು, ಬರೆಯಬೇಕಾಗಲೇ ಇಲ್ಲ.

ಆಗ ಗೆರಿಟ್ ಕೇಳಿದ. "ಮತ್ತೆ ಹೋದ ವರ್ಷ ಆಗಿದ್ದು ಇದೇನಾ ಅಪ್ಪ?"

"ಇಲ್ಲ" ಅಂದ ಹಾರ್ಮನ್. "ಹೋದ ವರ್ಷ ಕ್ರೆಸ್ಟನ್‌ನಲ್ಲಿ ನಾನೇ ಅಳೆದಿದ್ದೆ. ಭಾರ ಸರಿ ಇತ್ತು. ಗಾಳಿನೂ ಅಂಥದ್ದೇನಲ್ಲ, ಅದಕ್ಕಿಂತ ಜೋರು ಗಾಳೀಲಿ ಎಷ್ಟೋ ಸಲ ಬಂದಿದ್ದೀನಿ." ಹಲಗೆ ಎತ್ತಿ ಧೂಳು ಕೊಡವಿದ. "ಗಾಡಿ ತಪ್ಪಲ್ಲ ಗೆರಿಟ್. ನಂದೇ."

ಗೆರಿಟ್ ಕ್ಯಾನು ಇಳಿಸತೊಡಗಿದ. ಕಾಫಿ ಇಡುತ್ತೇನೆ ಅಂತ ಒಳಗೆ ಬಂದೆ, ಅಡುಗೆಮನೆಯ ನೆಲದ ಮೇಲೆ ಕೂತೆ.

ಜೂನ್ 21, ಶನಿವಾರ

ಏಳು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ದಿನಾ ಬೆಳಿಗ್ಗೆ ಹತ್ತರ ಕಾಫಿಗೆ ಹೇಳುತ್ತೇನೆ ಅಂದುಕೊಳ್ಳುವುದು. ಕಾಫಿ ಮುಗಿಯುತ್ತದೆ. ಕಪ್ಪು ತೊಳೆಯುತ್ತೇನೆ. ನಾಳೆ.

ಅವನು ಬಯ್ದಾನು ಅಂತ ಭಯವಲ್ಲ. ಐವತ್ತೊಂದು ವರ್ಷದಲ್ಲಿ ನನ್ನ ಮೇಲೆ ದನಿ ಎತ್ತಿದವನಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಾನೆ, ಅದು ಭಯ. ಆಸ್ಪತ್ರೆಯಲ್ಲಿ ಹೇಳಬಹುದಿತ್ತು, ಕ್ರಿಸ್‌ಮಸ್ಸಿಗೆ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಅಂದರೆ ಏನನ್ನಲಿ? ಗೆರಿಟ್ ಇನ್ನು ಮೇಲೆ ಮಗುವನ್ನು ನನ್ನ ಹತ್ತಿರ ಬಿಡುತ್ತಾನೆಯೇ... ನಾಚಿಕೆಗೆಟ್ಟವಳು ನಾನು, ಇದರ ನಡುವೆಯೂ ನನ್ನದೇ ಲೆಕ್ಕ ನನಗೆ.

ಇವತ್ತು ಹೇಳೇಬಿಡುತ್ತೇನೆ ಅಂತ ಬಿಸ್ಕತ್ತಿನ ಡಬ್ಬಿ ಮುಚ್ಚಿಟ್ಟು ಎದುರಿಗೆ ಕೂತೆ. "ಹಾರ್ಮನ್..." ಅಂದೆ. ಅವನೂ ಅದೇ ಹೊತ್ತಿಗೆ ಬಾಯಿ ತೆರೆದ.

"ನೆನಪಾಯ್ತು ಕಣೇ."

"ಏನು?"

"ಅವತ್ತಿಂದು. ದೂರದಲ್ಲಿ ಗಾಳಿಯಂತ್ರಗಳು ಸಾಲಾಗಿ ಕಾಣ್ತಿದ್ವು. ಆಮೇಲೆ ಕಾಣಲಿಲ್ಲ. ಕಣ್ಣು ಮುಚ್ಚಿತ್ತು ನಂಗೆ. ನಿದ್ದೆ ಹೋಗ್ಬಿಟ್ಟಿದ್ದೆ." ನಿರಾಳವಾದವನ ಹಾಗೆ ಉಸಿರು ಬಿಟ್ಟ. "ಹತ್ತು ತಿಂಗಳು ಹುಡುಕಿದೆ, ಕಾರಣ ಸಿಕ್ಕಿರಲಿಲ್ಲ. ಈಗ ಸಿಕ್ತು."

ಅವನು ನಿದ್ದೆ ಹೋಗಿರಲಿಲ್ಲ. ಟ್ರೇಲರ್ ಆಡುವ ಒಂದು ನಿಮಿಷ ಮೊದಲು ಪೆಪ್ಪರ್‌ಮಿಂಟ್ ಕೇಳಿದ್ದ. ಕಾಗದ ಬಿಡಿಸಿ ಅವನ ಅಂಗೈಗೆ ಹಾಕಿದ್ದು ನಾನೇ. "ಇದು ಇಗರ್ಜೀಲಿ ಮಾತ್ರ ಅಂತಿದ್ಯಲ್ಲ" ಅಂತ ನನ್ನನ್ನು ರೇಗಿಸಿದ್ದ. ಆಗದ್ದು ನೆನಪಾಗುವಷ್ಟು ಹುಡುಕಿದ್ದಾನೆ. ಇದಕ್ಕಿಂತ ಹೆದರಿಕೆಯ ಮಾತು ನಾನು ಕೇಳಿಲ್ಲ.

ಹೇಳಬೇಕಿತ್ತು ಆಗಲೇ. ಡಬ್ಬಿ ತೆರೆದು ಬಿಸ್ಕತ್ತು ಕೊಟ್ಟೆ.

ಜೂನ್ 22, ಭಾನುವಾರ

ಇಗರ್ಜಿ ಮುಗಿಸಿ ಗೆರಿಟ್ ಮತ್ತು ಮರೈಕೆ ಊಟಕ್ಕೆ ಬಂದಿದ್ದರು. ಬಟಾಣಿ ಸೂಪು. ಮರೈಕೆಗೆ ಈಗ ಹನ್ನೊಂದು. ಹುಬ್ಬಿನ ಮೇಲೆ ಬಿಳಿ ಗೆರೆ, ಕೂದಲು ಮುಂದಕ್ಕೆ ಬಿಟ್ಟು ಮುಚ್ಚಿಕೊಳ್ಳುತ್ತಾಳೆ.

ಹಾರ್ಮನ್ ಚಮಚ ಕೆಳಗಿಟ್ಟ.

"ಮರೈಕೆ, ಓಪಾ ಅವತ್ತು ನಿದ್ದೆ ಮಾಡ್ಬಿಟ್ಟಿದ್ದೆ ಕಣಮ್ಮ. ಆ ಗೆರೆ ನನ್ನಿಂದ ಆಗಿದ್ದು. ತಪ್ಪಾಯ್ತು."

ಅಜ್ಜ ಮೊಮ್ಮಗಳ ಹತ್ತಿರ ತಪ್ಪಾಯಿತು ಅನ್ನುವುದು ಈ ಮನೆಯಲ್ಲಿ ಹೊಸದು. ಗೆರಿಟ್ ಬಟ್ಟಲಿನಿಂದ ಮುಖ ಎತ್ತಲಿಲ್ಲ.

"ಪರವಾಗಿಲ್ಲ ಓಪಾ" ಅಂದಳು ಮರೈಕೆ. ಎದ್ದು ಹೋಗಿ ಅವನ ಹೆಗಲಿಗೆ ಕೆನ್ನೆ ಒತ್ತಿ ಬಂದಳು. ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ. ಹಚ್ಚಿದ್ದಕ್ಕೇ ಮತ್ತೆ ಹಚ್ಚಿದೆ.

ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ಬಂದು ನಿಂತಳು. "ಓಮಾ, ಓಪಾ ಓಡ್ಸೋ ಗಾಡೀಲಿ ನಾನಿನ್ನು ಯಾವತ್ತೂ ಕೂರಲ್ಲ. ಊರೊಳಗೂ ಕೂರಲ್ಲ. ಅವರಿಗೆ ಹೇಳ್ಬೇಡ, ಬೇಜಾರಾಗುತ್ತೆ."

"ಹೇಳಲ್ಲ" ಅಂದೆ. ಹೇಳದೆ ಇರುವುದು ನನಗೆ ಚೆನ್ನಾಗಿ ಬರುತ್ತದೆ.

ಜೂನ್ 25, ಬುಧವಾರ — ಸಂಜೆ 5

ನಾಳೆ ಹನ್ನೊಂದಕ್ಕೆ ಡಾಕ್ಟರು.

ಫಾರಂ ಫ್ರಿಜ್ಜಿನಿಂದ ಇಳಿದಿದೆ. ಅವನು ತುಂಬಬೇಕಾದ ಭಾಗ ತುಂಬಿ ಮೇಜಿನ ಮೇಲಿಟ್ಟಿದ್ದಾನೆ. ಓದಿದೆ. ಗಾಡಿ ಓಡಿಸುವಾಗ ಎಂದಾದರೂ ಎಚ್ಚರ ತಪ್ಪಿತ್ತೇ — ಹೌದು. ತಾರೀಖು ಹಾಕಿದ್ದಾನೆ. ಹಣೆಗೆ ಏಳು ಹೊಲಿಗೆ ಬಿದ್ದ ಮಗುವಿನ ವಯಸ್ಸನ್ನೂ ಬರೆದಿದ್ದಾನೆ, ಯಾರೂ ಕೇಳಿಲ್ಲದಿದ್ದರೂ. ಅಕ್ಷರ ದುಂಡಗೆ, ಒಂದೂ ಚಿತ್ತಿಲ್ಲ.

"ಇದನ್ನ ನೋಡಿದ್ರೆ ಡಾಕ್ಟರು ಸಹಿ ಮಾಡಲ್ಲ" ಅಂದೆ.

"ಮಾಡಬಾರದು. ಮಾಡಿದ್ರೆ ನಾನೇ ಬೇಡ ಅಂತೀನಿ." ನಕ್ಕ. "ಇನ್ಮೇಲೆ ನೀನೇ ಸಾರಥಿ. ಕಾಳು ಮಂಡಿಗೂ ನೀನೇ ಕರ್ಕೊಂಡು ಹೋಗ್ಬೇಕು, ಅಲ್ಲಿ ನನ್ನ ಗೆಳೆಯರು ಆಡ್ಕೊಂಡು ನಗ್ತಾರೆ, ನೀನು ಸಹಿಸ್ಕೋಬೇಕು."

ಇಲ್ಲಿ ಪಕ್ಕದ ಮನೆ ಅಂದರೆ ನಾಲ್ಕು ಕಿಲೋಮೀಟರ್. ಗಾಡಿ ಇಲ್ಲದ ಗಂಡಸರು ಏನಾಗುತ್ತಾರೆ ಅಂತ ನೋಡಿದ್ದೇನೆ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಹೋಗುವ ಬರುವ ಲಾರಿ ಎಣಿಸುತ್ತಾ ಮುಗಿದುಹೋಗುತ್ತಾರೆ.

ಈಗ ಹೊರಗೆ ಸರಪಳಿ ಎಳೆದೆಳೆದು ನೋಡುತ್ತಿದ್ದಾನೆ. ಅವನು ಓಡಿಸದ ಗಾಡಿಗೆ. ಏನೂ ಆಗಬಾರದು ಅಂತ.



ಜೂನ್ 26, ಗುರುವಾರ — 9.50

ಹೇಳಿದೆ.

ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದ. ಪಕ್ಕದಲ್ಲಿ ಕೂರುವ ಧೈರ್ಯ ಬರಲಿಲ್ಲ, ಹಿಂದೆ ನಿಂತು ಅವನ ನೆತ್ತಿಗೆ ಹೇಳಿದೆ.

"ನೀನು ನಿದ್ದೆ ಮಾಡಿರ್ಲಿಲ್ಲ ಹಾರ್ಮನ್. ಪೆಪ್ಪರ್‌ಮಿಂಟ್ ಕೇಳಿದ್ದೆ, ನಾನು ಕೊಟ್ಟೆ. ಪೀಚಿನ ಪೆಟ್ಟಿಗೆ ಪಿಕಪ್ಪಲ್ಲಿ ಇರ್ಲಿಲ್ಲ. ನೀನು ಸ್ನಾನಕ್ಕೆ ಹೋದಾಗ ನಾನು ಟ್ರೇಲರ್ ಒಳಗೆ ಹಿಂದಿನ ಮಂಚದ ಮೇಲೆ ಇಟ್ಟಿದ್ದೆ. ಬಿಸಿಲಿಗೆ ಕೊಳೀತವೆ ಅಂತ. ನಿನಗೆ ಹೇಳ್ಲಿಲ್ಲ."

ಲೇಸಿನ ಮೇಲೆ ಕೈ ನಿಂತಿತು.

"ಎಷ್ಟು?"

"ಹನ್ನೆರಡೂ."

ತುಟಿ ಅಲುಗಿದ್ದು ಪಕ್ಕದಿಂದ ಕಂಡಿತು. ಲೆಕ್ಕ ಹಾಕುತ್ತಿದ್ದ. "ಎಪ್ಪತ್ತು ಕಿಲೋ ಹೋಗಿದೆ ಮೂತಿಯಿಂದ" ಅಂದ, ತನಗೆ ತಾನೇ. ಆಮೇಲೆ ಎರಡನೇ ಬೂಟಿನ ಲೇಸು ಕಟ್ಟಿದ. ನಿಧಾನವಾಗಿ. ಎದ್ದು ನಿಂತು ನನ್ನ ಕಡೆ ತಿರುಗಿದ.

"ಹತ್ತು ತಿಂಗಳು, ಅಲೀದಾ."

ನೋಡಿದ. ನಾನು ಹೆದರಿದ್ದು ಇದಕ್ಕೇ. ಹೆದರಿದ್ದಕ್ಕಿಂತ ಹೆಚ್ಚೇ ಇತ್ತು.

ಒಳಗೆ ಹೋಗಿ ಮೇಜಿನ ಮೇಲಿದ್ದ ಫಾರಂ ಮಡಿಚಿ ಜೇಬಿಗಿಟ್ಟ. ಮೊಳೆಯಿಂದ ಕೀ ತೆಗೆದ. ನಾನು ಕೈ ಚಾಚಿದೆ, ಅಭ್ಯಾಸ. ಕೊಡಲಿಲ್ಲ.

10.15

ಹೋದ. ಒಬ್ಬನೇ. ಡಾಕ್ಟರಿಗೆ ಹೋಗಲು ಗೇಟಿನಿಂದ ಬಲಕ್ಕೆ ತಿರುಗಬೇಕು. ಎಡಕ್ಕೆ ತಿರುಗಿದ. ಎಡಕ್ಕೆ ಹೋದರೆ ಹೆದ್ದಾರಿ. ಧೂಳು ಎದ್ದು ಗಾಳಿಗೆ ಅಡ್ಡಕ್ಕೆ ಹೋಯಿತು, ಗಾಡಿ ಕಾಣಲಿಲ್ಲ.

ಫೋನು ಕಿಟಕಿಯ ಹತ್ತಿರವೇ ಬಿಟ್ಟು ಹೋಗಿದ್ದಾನೆ.

11.10

ಡಾಕ್ಟರ ಕಡೆಯಿಂದ ಫೋನು. ಬಂದಿಲ್ಲವಂತೆ. ಬೇರೆ ದಿನ ಕೊಡಬೇಕೇ ಅಂತ ಕೇಳಿದರು. ಏನು ಹೇಳಿದೆನೋ ನೆನಪಿಲ್ಲ.

ಹತ್ತು ತಿಂಗಳು ಓಡಿಸಿಲ್ಲ. ಈ ಗಾಳಿಯಲ್ಲಿ, ಈ ಮನಸ್ಸಿನಲ್ಲಿ. ದೇವರೇ, ನನ್ನನ್ನು ಬೇಕಾದರೆ ಅವನು ಜೀವನಪೂರ್ತಿ ಮಾತಾಡಿಸದೆ ಇರಲಿ. ಗಾಡಿ ರಸ್ತೆಯ ಮೇಲೇ ಇರಲಿ.

11.35

ಗೇಟಿನವರೆಗೆ ಹೋಗಿ ಬಂದೆ. ಏನೂ ಇಲ್ಲ.

11.50

ಗೆರಿಟ್ ಫೋನು.

"ಅಮ್ಮ, ಅಪ್ಪ ಇಲ್ಲಿದ್ದಾರೆ. ಒಬ್ರೇ ಬಂದ್ರು, ಗಾಡಿ ಓಡಿಸ್ಕೊಂಡು. ಹೆದ್ದಾರಿ ಸುತ್ತಿ ಬಂದೆ ಅಂತಾರೆ. ಕಾಫಿ ಕುಡೀತಿದ್ದಾರೆ. ಏನಾಯ್ತು ಅಂದ್ರೆ ಬಾಯೇ ಬಿಡ್ತಿಲ್ಲ. 'ಮರೈಕೆಗೆ ಹೇಳೋದೊಂದಿದೆ, ಅದು ನಿಮ್ಮಮ್ಮನ ಕೆಲಸ, ನಂದಲ್ಲ' ಅಂತಾರೆ. ಏನಮ್ಮ ಅದು?"

ಅಳು ಬಂತು.

"ಅವಳನ್ನ ಕರಿ" ಅಂದೆ. "ನೀನೂ ಅಲ್ಲೇ ಇರು. ಇಬ್ರೂ ಕೇಳಿ."

ಕರುಗಳ ಹತ್ತಿರ ಇದ್ದಾಳಂತೆ. ಕರೆಯಲು ಹೋಗಿದ್ದಾನೆ. ಫೋನು ಮೇಜಿನ ಮೇಲಿದೆ, ಸ್ಪೀಕರ್ ಹಾಕಿದ್ದೇನೆ. ಕೈಗೆ ಏನಾದರೂ ಹಿಡಿದುಕೊಳ್ಳಲು ಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಆ ಕಡೆ ಕಪ್ಪು ಕೆಳಗಿಟ್ಟ ಸದ್ದು. ಹಾರ್ಮನ್ ಫೋನಿನ ಹತ್ತಿರವೇ ಕೂತಿದ್ದಾನೆ, ಉಸಿರು ಕೇಳಿಸುತ್ತಿದೆ. ಎದ್ದು ಹೋಗಿಲ್ಲ.

ಬಾಗಿಲು ತೆರೆಯಿತು. ಬೂಟು ಬಿಚ್ಚುತ್ತಿದ್ದಾಳೆ. ಒಂದು. ಇನ್ನೊಂದು.

"ಓಮಾ?" ಅಂದಳು. ಪೆನ್ನು ಕೆಳಗಿಟ್ಟು ಹೇಳುತ್ತೇನೆ, ಎಲ್ಲ.